ಮರಳುಮೂಟೆ ಬೀಗರಿಗೆ ಕೈ ಬಂದ ಕಥೆ

ರೋಲರ್ ಕೋಸ್ಟರ್ ನಡೆಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಸನತ್‌ನಗರದ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಚಹಾ ಮುಗಿಯುವ ಮೊದಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಅಂಕಲ್, ಹೈದರಾಬಾದಿನಲ್ಲಿ ಯಾವ ಕೋಸ್ಟರ್ ಬೆಸ್ಟ್?" ಯಾವುದು ಎಷ್ಟು ಎತ್ತರ, ಎಷ್ಟು ವೇಗ, ಎಷ್ಟು ಸಲ ತಲೆಕೆಳಗಾಗುತ್ತದೆ ಎಂಬುದನ್ನೆಲ್ಲ ಮೊಬೈಲಿನಲ್ಲಿ ನೋಡಿಕೊಂಡೇ ಬಂದಿರುತ್ತಾರೆ. ನನಗೆ ಸಿಟ್ಟು ಬರುತ್ತದೆ. ಊಟ ಹೇಗಿತ್ತು ಎಂದು ಕೇಳಿದರೆ ತಟ್ಟೆ ಎಷ್ಟು ಅಗಲ ಇತ್ತು ಎಂದು ಹೇಳಿದ ಹಾಗಾಯಿತು ಇದು. ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆಯಲು ಕುಳಿತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದು ಇದರಲ್ಲಿ ಇಲ್ಲ. ಅದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ.

ನಮ್ಮವರು ಬೀದರ್ ಕಡೆಯವರು. ಅಪ್ಪ ಸನತ್‌ನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು, ನಾನೂ ಅಲ್ಲೇ ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಕಲಿತೆ. ಊರ ಹೊರಗೆ ಒಂದು ಮನರಂಜನಾ ಪಾರ್ಕ್ ಶುರುವಾದಾಗ ಅವರಿಗೆ ಕಬ್ಬಿಣದ ಕೆಲಸ ಬಲ್ಲವರು ಬೇಕಾಗಿದ್ದರು. ಯಾವುದೋ ದೇಶದಲ್ಲಿ ಓಡಿ ಸುಸ್ತಾದ ಕೋಸ್ಟರ್ ಒಂದನ್ನು ತುಂಡು ತುಂಡಾಗಿ ತಂದು ಹಾಕಿದ್ದರು. ಅದರ ಜೊತೆ ಬಂದ ಕಾಗದಪತ್ರ ಅರ್ಧಂಬರ್ಧ, ಬಂದಷ್ಟೂ ನಮಗೆ ಓದಲು ಬಾರದ ಭಾಷೆಯಲ್ಲಿತ್ತು. ಹಳಿಗೆ ಹಳಿ ಕೂಡಿಸಿ, ಬೋಗಿಗಳನ್ನು ಏರಿಸಿ, ಅದನ್ನು ಮತ್ತೆ ಓಡುವ ಹಾಗೆ ಮಾಡಿದವರಲ್ಲಿ ನಾನೂ ಒಬ್ಬ. ಮನೆಯಲ್ಲಿ ಹೆಂಡತಿ ಕಾಶೀಬಾಯಿ, "ಗೇಟು ಕಿಟಕಿ ಮಾಡ್ಕೋತ ಆರಾಮ ಇದ್ರಿ. ಈಗ ಮಂದೀನ ಅಂಜಸೂ ಕೆಲಸಾ ಹಿಡದೀರಿ" ಎಂದಳು. ಬಾ, ಒಂದು ಸಲ ಕೂತು ನೋಡು ಎಂದರೆ ಅವಳ ಉತ್ತರ ಸಿದ್ಧವಿರುತ್ತಿತ್ತು. "ನಿಮ್ಮ ಜೋಡಿ ಸಂಸಾರ ಮಾಡಾಕತ್ತೀನಲ್ರಿ, ಅದs ಸಾಕು."

ಕೋಸ್ಟರನ್ನು ಪ್ರತಿದಿನ ಬೆಳಿಗ್ಗೆ ಖಾಲಿ ಓಡಿಸಿ ನೋಡಬೇಕು. ಆಮೇಲೆ ಮನುಷ್ಯರ ತೂಕದ ಮರಳುಮೂಟೆಗಳನ್ನು ಸೀಟಿನಲ್ಲಿ ಕೂರಿಸಿ, ಹೊಟ್ಟೆಯ ಮೇಲೆ ಕಬ್ಬಿಣದ ಅಡ್ಡಪಟ್ಟಿ ಇಳಿಸಿ ಓಡಿಸಬೇಕು. ಕೊನೆಗೆ ಹಳಿ ಸರಿಯಾಗಿದೆ ಎಂದು ಹೇಳಿದವನು ತಾನೇ ಮುಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಬರಬೇಕು. ಇದಾದ ಮೇಲೆಯೇ ಜನ. ಆ ಮೂಟೆಗಳಿಗೆ ನಾವು 'ಬೀಗರು' ಎಂದು ಹೆಸರಿಟ್ಟಿದ್ದೆವು. ನಮ್ಮ ಕಡೆ ಮದುವೆಮನೆಯಲ್ಲಿ ಬೀಗರು ಉಂಡು ಏಳುವ ತನಕ ಮನೆಯವರು ಎಲೆ ಮುಂದೆ ಕೂರುವುದಿಲ್ಲ. ಇಲ್ಲಿಯೂ ಹಾಗೇ, ಮೊದಲು ಬೀಗರು, ಆಮೇಲೆ ನಾವು. ತೆಲುಗಿನ ಹುಡುಗರೂ ಅದೇ ಮಾತು ಕಲಿತು "ಬೀಗರು ಕೂತರಾ?" ಎಂದು ಕೂಗುತ್ತಿದ್ದರು.

ಬೀಗರನ್ನು ಮೊದಲು ತಯಾರು ಮಾಡಿದವಳು ಶಂಕರಮ್ಮ. ಯಾದಗಿರಿ ಕಡೆಯ ಹೆಣ್ಣುಮಗಳು. ಪಾರ್ಕ್ ಕಟ್ಟುವಾಗ ಬುಟ್ಟಿ ಹೊರಲು ಬಂದವಳು, ಮೂಟೆಗಳಿಗೆ ಮರಳು ತುಂಬಿ ಹೊಲಿದವಳು, ಅವಳ ಚುರುಕು ನೋಡಿ ನಾವು ಕೋಸ್ಟರ್ ಹತ್ತಿ ಇಳಿಯುವ ಕಟ್ಟೆಯ ಮೇಲೆ, ಜನರನ್ನು ಸೀಟಿನಲ್ಲಿ ಕೂರಿಸುವ ಕೆಲಸಕ್ಕೆ ಇಟ್ಟುಕೊಂಡೆವು. ಅಡ್ಡಪಟ್ಟಿ ಇಳಿಸಿ, ಎರಡು ಸಲ ಎಳೆದು ನೋಡಿ, "ಹಾಥ್ ಅಂದರ್, ಚೇತುಲು ಲೋಪಲ, ಕೈ ಒಳಗ" ಎಂದು ಮೂರು ಭಾಷೆಯಲ್ಲಿ ಗದರುವ ಅವಳ ದನಿ ಕೇಳಿ ದೊಡ್ಡ ದೊಡ್ಡ ಗಂಡಸರೂ ಕೈ ಒಳಗೆ ಎಳೆದುಕೊಳ್ಳುತ್ತಿದ್ದರು. ಆ ಸಂಬಳದ ಮೇಲೆ ಅವಳು ಮಗಳನ್ನು ನರ್ಸಿಂಗ್ ಓದಿಸುತ್ತಿದ್ದಳು.

ಭಯ ಎಲ್ಲಿ ಹುಟ್ಟುತ್ತದೆ ಎಂದು ನನಗೆ ಕಲಿಸಿದ್ದು ಒಂದು ದಡ್ಡತನ. ಕೋಸ್ಟರ್ ಏರು ಹತ್ತುವಾಗ ಟಕ್ ಟಕ್ ಟಕ್ ಎಂದು ಸದ್ದು ಬರುತ್ತದಲ್ಲ, ಅದು ಬೋಗಿ ಹಿಂದಕ್ಕೆ ಜಾರದಂತೆ ತಡೆಯುವ ಕೊಕ್ಕೆ ಹಳಿಯ ನಡುವಿನ ಹಲ್ಲಿನಿಂದ ಹಲ್ಲಿಗೆ ಬೀಳುವ ಸದ್ದು. ನಮ್ಮ ಮೊದಲ ಮ್ಯಾನೇಜರ್ ಅಚ್ಚುಕಟ್ಟಿನ ಮನುಷ್ಯ. ಈ ಸದ್ದು ಹಳೆಯ ಹೊಲಿಗೆ ಯಂತ್ರದ ಹಾಗಿದೆ, ಜನ ನಗುತ್ತಾರೆ ಎಂದು ಕೊಕ್ಕೆಗೆ ರಬ್ಬರ್ ಹಾಕಿಸಿದರು. ಬೋಗಿ ಬೆಣ್ಣೆಯ ಹಾಗೆ ಏರತೊಡಗಿತು. ಅದೇ ಹಳಿ, ಅದೇ ಎತ್ತರ, ಅದೇ ಇಳಿಜಾರು. ಆದರೆ ಇಳಿದು ಬಂದ ಜನ "ಅಷ್ಟೇನಾ?" ಎನ್ನುತ್ತಿದ್ದರು. ರಬ್ಬರ್ ತೆಗೆಸಿದೆವು. ಮರುದಿನವೇ ಕಿರುಚಾಟ ಮೊದಲಿನ ಹಾಗಾಯಿತು. ಮನುಷ್ಯ ಬೀಳುವುದಕ್ಕೆ ಹೆದರುವುದು ಸ್ವಲ್ಪ, ಇನ್ನೇನು ಬೀಳುತ್ತೇನೆ ಎಂಬುದಕ್ಕೆ ಹೆದರುವುದೇ ಹೆಚ್ಚು ಎಂದು ಅಂದು ತಿಳಿಯಿತು.

ವರ್ಷಗಳು ಹೀಗೆ ಸರಿಯುತ್ತಿರುವಾಗ ಊರಿನ ಇನ್ನೊಂದು ದಿಕ್ಕಿಗೆ ಹೊಸ ಪಾರ್ಕ್ ಬಂತು. ಅವರ ಕೋಸ್ಟರ್ ನಮ್ಮದರ ಎರಡರಷ್ಟು ಎತ್ತರ. ಹೊರವರ್ತುಲ ರಸ್ತೆಯಿಂದಲೇ ಕಾಣುತ್ತಿತ್ತು. ನಮ್ಮ ಕಟ್ಟೆ ಖಾಲಿಯಾಗುತ್ತ ಬಂತು. ಆಗ ಮ್ಯಾನೇಜರ್ ಆಗಿದ್ದವರು ಪ್ರಸಾದರಾವ್. ಕೆಟ್ಟ ಮನುಷ್ಯನಲ್ಲ, ಆದರೆ ಮಾಲೀಕರ ಫೋನ್ ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುವವರು. ಒಂದು ದಿನ ನಮ್ಮನ್ನೆಲ್ಲ ಕರೆದು ನೇರವಾಗಿ ಹೇಳಿದರು. ಬತುಕಮ್ಮ–ದಸರಾ ರಜೆಯಲ್ಲಿ ಜನ ತಿರುಗಿ ಬರದಿದ್ದರೆ ಕೋಸ್ಟರ್ ಗುಜರಿಗೆ, ಕಟ್ಟೆಯವರೆಲ್ಲ ಮನೆಗೆ. ಹೊರಗೆ ಬಂದ ಮೇಲೆ ಶಂಕರಮ್ಮ ನನ್ನ ಮುಖ ನೋಡಿದಳು.

"ಮಲ್ಲಣ್ಣಾ, ಮತ್ತ ಬುಟ್ಟಿ ಹೊರೂದೇನ್ರಿ? ಈಗ ನನ್ ಸೊಂಟಾ ಕೇಳಂಗಿಲ್ಲ. ಹುಡುಗೀದು ಇನ್ನಾ ಓದು ಐತಿ."



ಎದುರಾಳಿಯ ಕೋಸ್ಟರನ್ನು ನೋಡಿ ಬನ್ನಿ ಎಂದು ಪ್ರಸಾದರಾವ್ ನನ್ನನ್ನೂ ಶಂಕರಮ್ಮನನ್ನೂ ಸಾದಾ ಬಟ್ಟೆಯಲ್ಲಿ ಕಳಿಸಿದರು. ಟಿಕೆಟ್ ಕೊಂಡು ಇಡೀ ದಿನ ಕೂತು ಕೂತು ಇಳಿದೆವು. ನ್ಯಾಯವಾಗಿ ಹೇಳಬೇಕು, ಅವರ ಇಳಿತ ಜೀವ ಬಾಯಿಗೆ ತರುವಂಥದ್ದು. ಮುಂದಿನ ಬೋಗಿಯಲ್ಲಿ ಕೂತರೆ ತುದಿಯಲ್ಲಿ ಒಂದು ಗಳಿಗೆ ಗಾಳಿಯಲ್ಲಿ ನೇತಾಡಿಸುತ್ತದೆ. ಕೊನೆಯ ಬೋಗಿಯಲ್ಲಿ ಕೂತರೆ ಯಾರೋ ಕಾಲು ಹಿಡಿದು ಎಳೆದ ಹಾಗೆ ಒಮ್ಮೆಲೇ ಕೆಳಗೆ. ಗಾಲಿಗಳು ನುಣುಪು, ತಿರುವಿನಲ್ಲಿ ಕತ್ತು ಉಳುಕುವುದಿಲ್ಲ. ಅದು ನಮ್ಮದರಲ್ಲಿ ಇರಲಿಲ್ಲ, ಹೊಟ್ಟೆಕಿಚ್ಚಾಯಿತು.

ಆದರೆ ಅಲ್ಲಿ ಕಥೆ ಇರಲಿಲ್ಲ. ಬೋಳು ಕಂಬ, ನೀಲಿ ಬಣ್ಣ, ಕೆಳಗೆ ಕಾಂಕ್ರೀಟು. ಸಾಲಿನಲ್ಲಿ ನಿಂತವರು ಮೊಬೈಲ್ ನೋಡುತ್ತಿದ್ದರು, ಇಳಿದವರು ಸೀದಾ ಐಸ್‌ಕ್ರೀಮಿಗೆ ಹೋಗುತ್ತಿದ್ದರು. ಎಲ್ಲಿಗೆ ಹೋಗುತ್ತಿದ್ದೇವೆ, ಯಾತಕ್ಕೆ ಓಡುತ್ತಿದ್ದೇವೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು ಸಂಗತಿ ಕಂಡೆ. ಅಲ್ಲಿ ಎಲ್ಲರೂ ಎರಡೂ ಕೈ ಮೇಲೆತ್ತಿ ಕೂರುತ್ತಿದ್ದರು. ನಮ್ಮ ಪಾರ್ಕಿನಲ್ಲಿ ಜನ ಅಡ್ಡಪಟ್ಟಿಯನ್ನು ಕೂಸಿನ ಹಾಗೆ ಅಪ್ಪಿಕೊಳ್ಳುತ್ತಿದ್ದರು. ಶಂಕರಮ್ಮ ನಕ್ಕಳು. "ಇವರೇನ್ರಿ, ಪೊಲೀಸ್ರು ಹಿಡದಂಗ ಕೈ ಎತ್ಯಾರ?" ಹೊಸ ಫ್ಯಾಷನ್ ಇರಬೇಕು ಎಂದುಕೊಂಡು ನಾನೂ ನಕ್ಕೆ.

ಎತ್ತರದಲ್ಲಿ ಅವರನ್ನು ಗೆಲ್ಲಲಾಗುವುದಿಲ್ಲ, ನಾವು ಕಥೆಯಲ್ಲಿ ಗೆಲ್ಲಬೇಕು ಎಂದು ಬಂದು ಹೇಳಿದೆ. ಪ್ರಸಾದರಾವ್ ಒಪ್ಪಿ, ಸಿನಿಮಾ ಸೆಟ್ಟುಗಳನ್ನು ಕಟ್ಟಿ ಅನುಭವವಿದ್ದ ಲಾವಣ್ಯ ಎಂಬ ಹೆಣ್ಣುಮಗಳನ್ನು ಕರೆಸಿದರು. ಅವಳು ಮೊದಲ ದಿನವೇ ಏರಿನ ಕೆಳಗೆ ಕಣ್ಣು ಮುಚ್ಚಿ ನಿಂತು ಟಕ್ ಟಕ್ ಕೇಳಿ, "ಇದು ಕೋಟೆಯ ಬಾಗಿಲಿನ ಸರಪಳಿ ಎಳೆಯುವ ಸದ್ದು" ಎಂದಳು. ನನಗೆ ಅವಳ ಮೇಲೆ ಆಗಲೇ ಗೌರವ ಬಂತು. ಗೋಲ್ಕೊಂಡದ ಗೋಡೆಗಳ ಹಾಗೆ ಕಲ್ಲು ಬಣ್ಣದ ಗೋಡೆಗಳು ಎದ್ದವು. ಸಾಲಿನಲ್ಲಿ ನಿಲ್ಲುವ ಜಾಗ ಕತ್ತಲ ಓಣಿಯಾಯಿತು. ದೊಡ್ಡ ಇಳಿತದ ಕೊನೆಯಲ್ಲಿ, ಬೋಗಿ ಅತಿ ವೇಗದಲ್ಲಿರುವ ಜಾಗದಲ್ಲಿ, ಕೋಟೆಯ ಬಾಗಿಲ ಕಮಾನು. ಅದರಿಂದ ಕೆಳಕ್ಕೆ ಚಾಚಿದ ಆನೆ ತಡೆಯುವ ಮುಳ್ಳುಗಳು. ನೋಡಿದರೆ ತಲೆ ಹೋಯಿತು ಎನ್ನಿಸುವಷ್ಟು ತಗ್ಗಿನಲ್ಲಿ ಅದನ್ನು ಬೇಕೆಂದೇ ಇಟ್ಟಿದ್ದಳು. ಹೊರಗೆ ಫೈಬರ್, ಒಳಗೆ ದಪ್ಪ ಕಬ್ಬಿಣದ ಚೌಕಟ್ಟು.

ಬೀಗರನ್ನು ಕೂರಿಸಿ ಓಡಿಸಿದೆವು, ಮೂಟೆಗೆ ಗೀರೂ ಬೀಳಲಿಲ್ಲ. ನಾನು ಕೂತೆ, ಪಟ್ಟಿ ಹಿಡಿದು. ಅಷ್ಟು ವರ್ಷ ಅದೇ ಹಳಿಯ ಮೇಲೆ ಓಡಾಡಿದ ನಾನೇ ಕಮಾನು ಬಂದಾಗ ತಲೆ ತಗ್ಗಿಸಿ ಕೂಗಿಬಿಟ್ಟೆ. ಭಾಳ ಖುಷಿಯಾಯಿತು. ಶಂಕರಮ್ಮ ಬೇಗಂ ಬಜಾರಿನಿಂದ ತೆಂಗಿನಕಾಯಿ, ನಿಂಬೆಹಣ್ಣು ತಂದಿಟ್ಟಳು. ರಜೆಯ ಮೊದಲ ದಿನವೇ ಆರಂಭ ಎಂದು ಊರ ತುಂಬ ಸುದ್ದಿ ಮಾಡಿದ್ದರು.

ಹಿಂದಿನ ದಿನ ಬೆಳಿಗ್ಗೆ ನಾನು ಕೆಲಸಕ್ಕೆ ಬರುವಾಗ ಪಾರ್ಕಿನ ಬಾಗಿಲಲ್ಲಿ ದೊಡ್ಡ ಚಿತ್ರಪಟ ಏರಿಸುತ್ತಿದ್ದರು. ನಮ್ಮದೇ ಕೋಸ್ಟರ್, ನಮ್ಮದೇ ಕಮಾನು. ಬೋಗಿಯ ತುಂಬ ನಗುತ್ತಿರುವ ಜನ, ಎಲ್ಲರ ಎರಡೂ ಕೈ ಮೇಲೆ. ಕೆಳಗೆ ತೆಲುಗಿನಲ್ಲಿ ದಪ್ಪಕ್ಷರ: ಚೇತುಲು ಎತ್ತಂಡಿ, ಧೈರ್ಯಂ ಚೂಪಂಡಿ. ಕೈ ಎತ್ತಿ, ಧೈರ್ಯ ತೋರಿಸಿ. ಎದುರಾಳಿ ಪಾರ್ಕಿನ ಜಾಹೀರಾತು ನೋಡಿ ಇವರೂ ಹಾಗೇ ಬರೆಸಿದ್ದರು. ನಾನು ಅಲ್ಲೇ ನಿಂತೆ. ಬೀಗರಿಗೆ ತೂಕವಿದೆ, ಹೊಟ್ಟೆಯಿದೆ, ಸೀಟಿನಲ್ಲಿ ಕೂರುವಷ್ಟು ಎತ್ತರವಿದೆ. ಕೈ ಇಲ್ಲ.

ಸೀದಾ ಪ್ರಸಾದರಾವ್ ಕೋಣೆಗೆ ಹೋದೆ. ಲಾವಣ್ಯಳೂ ಅಲ್ಲೇ ಇದ್ದಳು. ನಮ್ಮ ಮಾತೆಲ್ಲ ತೆಲುಗು ಹಿಂದಿ ಬೆರೆತದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸರ್, ನಾಳೆ ಓಡಿಸುವುದು ಬೇಡ. ಕೈ ಎತ್ತಿದರೆ ಕಮಾನಿಗೆ ಬಡಿಯುತ್ತದೆ."

"ಏಮಯ್ಯಾ ಮಲ್ಲಣ್ಣ, ಹೊತ್ತು ನೋಡಿ ಹೇಳುತ್ತೀಯಲ್ಲ! ಕೈ ಒಳಗಿರಲಿ ಅಂತ ಹಲಗೆ ಹಾಕಿದ್ದೇವೆ. ಅಷ್ಟರ ಮೇಲೂ ಎತ್ತಿದರೆ ಅವರ ಹಣೆಬರಹ."

"ಹಲಗೆ ಅಂಗೈಯಷ್ಟಿದೆ ಸರ್. ಬಾಗಿಲಲ್ಲಿ ಎತ್ತಿ ಅಂತ ಆಳೆತ್ತರ ಬರೆಸಿದ್ದೀರಿ."

"ಬಡಿಯುತ್ತದೆ ಅಂತ ನಿನಗೆ ಹೇಗೆ ಗೊತ್ತು? ಓಡಿಸಿ ನೋಡಿದ್ದೇವಲ್ಲ. ನಾಳೆ ತೆರೆಯದಿದ್ದರೆ ಮಾಲೀಕರು ಇದನ್ನು ಕಿತ್ತೇ ಬಿಡುತ್ತಾರೆ. ನಿನ್ನ ಜನವೇ ಮನೆಗೆ ಹೋಗುವುದು, ನೆನಪಿರಲಿ."

ಅದು ನನಗೆ ಅವರಿಗಿಂತ ಚೆನ್ನಾಗಿ ನೆನಪಿತ್ತು. "ಹಾಗಾದರೆ ನಮ್ಮ ಪದ್ಧತಿ ಇದ್ದೇ ಇದೆ ಸರ್," ಎಂದೆ. "ಸರಿಯಿದೆ ಎಂದವರು ಮುಂದಿನ ಸೀಟಿನಲ್ಲಿ ಕೂರಬೇಕು. ಬನ್ನಿ, ನಾವಿಬ್ಬರೂ ಕೂರೋಣ. ಪಟದಲ್ಲಿರುವ ಹಾಗೆ ಕೈ ಎತ್ತಿ."

ಅವರು ಕುರ್ಚಿಯಿಂದ ಏಳಲಿಲ್ಲ. ಲಾವಣ್ಯಳ ಮುಖ ಬಿಳಿಚಿಕೊಂಡಿತ್ತು.

ಕಟ್ಟೆಗೆ ವಾಪಸು ಬಂದರೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಶಂಕರಮ್ಮ ನನ್ನನ್ನು ಕಂಬದ ಮರೆಗೆ ಕರೆದಳು.

"ಮಲ್ಲಣ್ಣಾ, ನಿಮ್ಮ ಕಾಲ ಬೀಳ್ತೀನ್ರಿ. ಹಬ್ಬ ಒಂದ್ ಮುಗೀಲಿ, ಆಮ್ಯಾಲ ಹೇಳ್ರಿ. ನಾ ಗಂಟಲಾ ಹರಕೊಂಡ್ ಒದರತೀನಿ, ಒಬ್ರಿಗೂ ಕೈ ಎತ್ತಾಕ ಬಿಡಂಗಿಲ್ಲ."

"ಕಟ್ಟೆ ಬಿಡೂತನಕ ನಿನ್ನ ಮಾತ ಕೇಳ್ತಾರವಾ. ಆ ತುದಿಗೆ ಹ್ವಾದ ಮ್ಯಾಲ ಯಾರ ಮಾತೂ ಕೇಳಂಗಿಲ್ಲ," ಎಂದೆ.

ಅವಳು ಹೊರಟುಹೋದಳು. ಅವಳ ಹೊಟ್ಟೆಯ ಮೇಲೆ ನಾನೇ ಕಲ್ಲು ಹಾಕುತ್ತಿದ್ದೇನೆ ಎನ್ನಿಸಿತು. ಎಲ್ಲರೂ ಪಟ್ಟಿ ಹಿಡಿದೇ ಕೂತಾರು, ಏನೂ ಆಗದೆಯೂ ಇದ್ದೀತು ಎಂದು ನನ್ನ ಮನಸ್ಸೇ ನನಗೆ ಆಸೆ ತೋರಿಸುತ್ತಿತ್ತು. ಈ ಕೆಲಸದಲ್ಲಿರುವವರಿಗೆ ಒಂದು ಮಾತು ಹೇಳುತ್ತೇನೆ. ಅಪಾಯ ಬರುವುದು ಹೆದರಿಸುವ ಮೇಲಧಿಕಾರಿಯಿಂದಲ್ಲ. ನಮ್ಮವರೇ ಕಣ್ಣೀರು ಹಾಕಿ ಕೇಳಿದಾಗ ಇಲ್ಲ ಎನ್ನುವುದು ಬಹಳ ಕಷ್ಟ.

ಊಟದ ಹೊತ್ತಿಗೆ ಶಂಕರಮ್ಮ ತಿರುಗಿ ಬಂದಳು. ಕಂಕುಳಲ್ಲಿ ಬಿದಿರಿನ ಗಳಗಳು, ಹೆಗಲ ಮೇಲೆ ನಮ್ಮವೇ ಹಳೆಯ ಖಾಕಿ ಅಂಗಿಗಳು. ಕೂತು ಅಂಗಿಗಳ ತೋಳು ಕತ್ತರಿಸಿ, ಬಿದಿರಿಗೆ ಚಿಂದಿ ಸುತ್ತಿ, ತೋಳಿನೊಳಗೆ ತೂರಿಸಿ, ತುದಿಗೆ ಕೆಲಸದ ಕೈಗವಸು ಕಟ್ಟಿದಳು. ನಾನು ಹತ್ತಿರ ಹೋದರೆ ತಲೆ ಎತ್ತಲಿಲ್ಲ.

"ನನ್ ಹುಡುಗಿ ನಾಡಿದ್ದ ಗೆಳತ್ಯಾರನ್ನ ಕರಕೊಂಡ್ ಬರ್ತಾಳಂತ್ರಿ," ಎಂದಳು. "ಆಕೀನೂ ಕೈ ಎತ್ತವಳs."

ಬೀಗರನ್ನು ಕೂರಿಸಿ, ಒಬ್ಬೊಬ್ಬರ ಬೆನ್ನಿಗೂ ಎರಡೆರಡು ಕೈಗಳನ್ನು ಬಿಗಿದು ಕಟ್ಟಿದೆವು. ಮನುಷ್ಯರ ಕೈಗಿಂತ ಒಂದು ಗೇಣು ಉದ್ದವೇ ಇರಲಿ ಎಂದೆ. ಪ್ರಸಾದರಾವ್ ಕೆಳಗೆ ಬಂದು ದೂರದಲ್ಲಿ ನಿಂತರು, ಲಾವಣ್ಯ ಕಮಾನಿನ ಪಕ್ಕದ ಬೇಲಿಯ ಹತ್ತಿರ. ಬಿಸಿಲಿನಲ್ಲಿ ಖಾಕಿ ತೋಳುಗಳನ್ನು ಎತ್ತಿ ಕೂತ ಆ ಮೂಟೆಗಳನ್ನು ನೋಡಿದರೆ ಬೇರೆ ದಿನ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನಾನು ಗುಂಡಿ ಒತ್ತಿದೆ. ಟಕ್ ಟಕ್ ಟಕ್ ಎಂದು ಏರಿತು. ತುದಿ ದಾಟಿತು. ಇಳಿಯಿತು. ಕಮಾನಿನಲ್ಲಿ ಒಂದೇ ಸದ್ದು ಬಂತು, ಒಣಗಿದ ತೊಗರಿ ಕಟ್ಟಿಗೆ ಒಟ್ಟಿಗೆ ಮುರಿದ ಹಾಗೆ.

ಬೋಗಿಗಳು ಸುತ್ತಿಕೊಂಡು ಕಟ್ಟೆಗೆ ಬಂದು ನಿಂತವು. ಒಬ್ಬ ಬೀಗನಿಗೂ ಅಂಗೈ ಉಳಿದಿರಲಿಲ್ಲ. ಮುರಿದ ಬಿದಿರಿನ ಮೇಲೆ ತೋಳುಗಳು ಜೋತುಬಿದ್ದಿದ್ದವು. ಕೈಗವಸುಗಳು ಕಮಾನಿನ ಕೆಳಗೆ ಹುಲ್ಲಿನ ಮೇಲೆ ಚೆಲ್ಲಿದ್ದವು. ಪ್ರಸಾದರಾವ್ ಹತ್ತಿರ ಬಂದು ಒಂದು ಖಾಲಿ ತೋಳು ಮುಟ್ಟಿ ನೋಡಿದರು. ಆಮೇಲೆ ಫೋನ್ ತೆಗೆದು ಮಾಲೀಕರಿಗೆ ಮಾಡಿದರು. ಆ ಸಲ ಅವರು ಮೂಟೆಯ ಪಕ್ಕದಲ್ಲಿ, ಬೋಗಿಯ ಅಂಚಿನ ಮೇಲೆ ಕೂತೇ ಮಾತಾಡಿದರು.

ಲಾವಣ್ಯ ಅತ್ತಳು. ಅತ್ತು, ಮುಖ ತೊಳೆದುಕೊಂಡು ಬಂದು, "ಕಮಾನು ಮೇಲೆತ್ತೋಣ, ಆದರೆ ತಗ್ಗಿದ್ದ ಹಾಗೇ ಕಾಣಿಸುತ್ತೇನೆ" ಎಂದಳು. ಹೇಗೆ ಎಂದು ಕೇಳಿದೆ. ಮುಳ್ಳುಗಳನ್ನು ಎರಡರಷ್ಟು ದಪ್ಪ ಮಾಡುತ್ತೇನೆ, ಸುತ್ತಲಿನ ಕಲ್ಲುಗಳನ್ನೂ ದೊಡ್ಡದು ಮಾಡುತ್ತೇನೆ, ದೊಡ್ಡದು ಕಣ್ಣಿಗೆ ಹತ್ತಿರವಾಗಿ ಕಾಣುತ್ತದೆ ಎಂದಳು. ಸಿನಿಮಾದವರ ಬುದ್ಧಿ. ಸನತ್‌ನಗರದಿಂದ ನನ್ನ ಹಳೆಯ ಗೆಳೆಯರನ್ನು ವೆಲ್ಡಿಂಗಿಗೆ ಕರೆಸಿದೆ. ಕಮಾನು ಒಂದಾಳು ಮೇಲಕ್ಕೆ ಹೋಯಿತು. ರಜೆಯ ಮೊದಲ ದಿನಗಳು ಕೈತಪ್ಪಿದವು, ಬಂದ ಜನ ಮುಚ್ಚಿದ ಬಾಗಿಲು ನೋಡಿ ಬೈದು ಹೋದರು. ಬೀಗರಿಗೆ ಹೊಸ ಕೈ ಕಟ್ಟಿ ಮತ್ತೆ ಮತ್ತೆ ಓಡಿಸಿದೆವು. ಎಲ್ಲ ಕೈಗಳೂ ಹೋದ ಹಾಗೇ ವಾಪಸು ಬಂದ ಮೇಲೆ ನಾನು ಮುಂದಿನ ಸೀಟಿನಲ್ಲಿ ಕೂತೆ. ನನ್ನ ಪಕ್ಕದಲ್ಲಿ, ಯಾರೂ ಕರೆಯದೆ, ಪ್ರಸಾದರಾವ್ ಬಂದು ಕೂತರು.

ಬಾಗಿಲು ತೆರೆದೆವು. ಮೊದಲ ದಿನ ಜನ ತೆಳುವಾಗಿಯೇ ಇದ್ದರು. ಇಳಿದವರು ಐಸ್‌ಕ್ರೀಮಿಗೆ ಹೋಗದೆ ಮತ್ತೆ ಸಾಲಿಗೆ ಬಂದು ನಿಂತದ್ದನ್ನು ನೋಡಿ ನನಗೆ ಧೈರ್ಯ ಬಂತು. ದಸರೆಯ ಹೊತ್ತಿಗೆ ಕತ್ತಲ ಓಣಿ ತುಂಬಿ ಸಾಲು ಬಿಸಿಲಿಗೆ ಬಂತು. ಶಂಕರಮ್ಮನ ಮಗಳು ಗೆಳತಿಯರ ಜೊತೆ ಬಂದು ಎರಡೂ ಕೈ ಎತ್ತಿ ಕಿರುಚಿ ಹೋದಳು. ಕೋಸ್ಟರ್ ಗುಜರಿಗೆ ಹೋಗಲಿಲ್ಲ. ಪ್ರಸಾದರಾವ್ ಆ ದಿನದ ಬಗ್ಗೆ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಆದರೆ ಅವರು ಇರುವ ತನಕ ಬೆಳಿಗ್ಗೆ ಮೊದಲು ಕೇಳುತ್ತಿದ್ದುದು ಒಂದೇ. "ಬೀಗರಿಗೆ ಕೈ ಕಟ್ಟಿದಿರಾ?"

ಈಗ ಈ ಕೆಲಸಕ್ಕೆ ಬರುವವರಿಗೆ ಇದಕ್ಕೆಲ್ಲ ನಿಯಮವಿದೆ, ಅಳತೆಯ ಚೌಕಟ್ಟಿದೆ, ಕಂಪ್ಯೂಟರಿನಲ್ಲಿ ನೋಡುವ ದಾರಿಯಿದೆ. ಒಳ್ಳೆಯದೇ. ಆದರೂ ನೋಡಿ, ಜನ ಪ್ರತಿವರ್ಷ ಹೊಸದೇನನ್ನೋ ಕಲಿತು ಬರುತ್ತಾರೆ. ಮೊದಲು ಕೈ ಎತ್ತಿದರು, ಆಮೇಲೆ ಕೋಲಿನ ತುದಿಗೆ ಮೊಬೈಲ್ ಸಿಗಿಸಿ ಎತ್ತಿದರು. ಅದನ್ನು ಕಟ್ಟೆಯ ಮೇಲೇ ಕಸಿದುಕೊಳ್ಳಲು ಶಂಕರಮ್ಮ ಬೇಕಾಯಿತು. ಆದ್ದರಿಂದ ಎದುರಾಳಿಯ ಪಾರ್ಕಿಗೆ ಹೋಗಿ, ತಪ್ಪದೆ ಹೋಗಿ. ಅವರ ಎತ್ತರವನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುವ ಬದಲು ಅಲ್ಲಿ ಕೂತವರ ಕೈಕಾಲು ಏನು ಮಾಡುತ್ತಿವೆ ಎಂದು ನೋಡಿ. ನಾಳೆ ಅವರೇ ನಿಮ್ಮಲ್ಲಿಗೆ ಬರುತ್ತಾರೆ. ಯಾವುದು ಬೆಸ್ಟ್ ಎಂಬ ಪ್ರಶ್ನೆಗೂ ಇದೇ ನನ್ನ ಉತ್ತರ. ಸತ್ತೇಹೋದೆ ಎನ್ನಿಸಿ, ಇದ್ದ ಹಾಗೇ ಮನೆಗೆ ಕಳಿಸುವುದೇ ಬೆಸ್ಟ್.

ನಿವೃತ್ತಿಯಾದ ಮೇಲೆ ಒಂದು ದಿನ ಕಾಶೀಬಾಯಿ ತಾನಾಗಿಯೇ, "ನಡೀರಿ, ನಿಮ್ಮ ಆ ಸವತೀನ ನೋಡಿ ಬರೋಣು" ಎಂದಳು. ಟಿಕೆಟ್ ಕೊಂಡು, ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಹೋದೆವು. ಕಟ್ಟೆಯ ಮೇಲೆ ಶಂಕರಮ್ಮ ಈಗ ಎಲ್ಲರಿಗೂ ಹಿರಿಯಳು. ನಮ್ಮನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಪಟ್ಟಿ ಇಳಿಸಿ, ಎರಡು ಸಲ ಎಳೆದು ನೋಡಿದಳು. ಮೂಲೆಯಲ್ಲಿ ಬೀಗರು ಬೆಳಗಿನ ಕೆಲಸ ಮುಗಿಸಿ, ಕೈ ಎತ್ತಿಕೊಂಡೇ ಸಾಲಾಗಿ ಕೂತಿದ್ದರು.

ಏರು ಶುರುವಾಯಿತು. ಟಕ್ ಟಕ್ ಟಕ್. ಅರ್ಧ ದಾರಿಯಲ್ಲಿ ಕಾಶೀಬಾಯಿ ನನ್ನ ಕಿವಿಯ ಹತ್ತಿರ ಬಾಗಿದಳು.

"ಹಿಂದಿನವ್ರೆಲ್ಲ ಕೈ ಎತ್ಯಾರ. ನಾನೂ ಎತ್ತಲೇನ್ರಿ?"

"ಎತ್ತು."

"ಖರೇನs?"

"ಖರೇನs ಎತ್ತು."

ಅವಳು ಎತ್ತಿದಳು. ಹಸಿರು ಬಳೆಗಳು ಮೊಣಕೈಗೆ ಜಾರಿದವು. ನನ್ನ ಕೈಗಳು ಮಾತ್ರ ಅಭ್ಯಾಸಬಲದಿಂದ ಪಟ್ಟಿಯ ಮೇಲೇ ಇದ್ದವು. ಇಷ್ಟು ವರ್ಷ ಊರಿಗೆಲ್ಲ ಕೈ ಎತ್ತಲು ಜಾಗ ಮಾಡಿಕೊಟ್ಟು ನಾನೊಮ್ಮೆಯೂ ಕೈ ಎತ್ತಿರಲಿಲ್ಲ. ಅವಳು ನನ್ನ ಕೈ ಹಿಡಿದು ಮೇಲಕ್ಕೆಳೆದಳು. ತುದಿ ದಾಟಿತು, ಹೊಟ್ಟೆ ಗಂಟಲಿಗೆ ಬಂತು, ಲಾವಣ್ಯಳ ಮುಳ್ಳುಗಳು ಎದುರಿಗೆ ಬಾಯಿ ತೆರೆದವು. ಎಲ್ಲ ಗೊತ್ತಿದ್ದೂ ನಾನು ಕಣ್ಣು ಮುಚ್ಚಿದೆ. ಬೆರಳುಗಳ ಸಂದಿಯಲ್ಲಿ ಗಾಳಿ ಹಾಯ್ದು ಹೋಯಿತು, ಅಷ್ಟೇ.

ಬೋಗಿ ಕಟ್ಟೆಗೆ ಬಂದು ನಿಂತಿತು. ಶಂಕರಮ್ಮ ಪಟ್ಟಿ ಎತ್ತುತ್ತ, "ಹೆಂಗಿತ್ರಿ ಅಕ್ಕಾ?" ಎಂದು ಕೇಳಿದಳು.

ಕಾಶೀಬಾಯಿಗೆ ಇನ್ನೂ ಉಸಿರು ಸಿಕ್ಕಿರಲಿಲ್ಲ. ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದು, ತಿರುವಿ ತಿರುವಿ ನೋಡಿಕೊಂಡಳು.

"ಎರಡೂ ಅದಾವ," ಎಂದಳು.